ಸೋಯಾದ ಸತ್ವ ಎಲ್ಲಿದೆ? ಎಣ್ಣೆಯಲ್ಲೋ, ಹಾಲಿನಲ್ಲೋ, ಮಾತ್ರೆಯಲ್ಲೋ?

ಮುಂಜಾವು
ಎಲ್ಲರಿಗೂ ನಮಸ್ಕಾರ. ನನಗೆ 49 ವರ್ಷ. ಮುಟ್ಟು ನಿಲ್ಲುವ ಹಂತ. ರಾತ್ರಿ ಎರಡು ಮೂರು ಸಲ ಮೈಯೆಲ್ಲ ಕಾದ ಹಾಗಾಗಿ ಎಚ್ಚರವಾಗುತ್ತದೆ. ದಿಂಬು ಒದ್ದೆಯಾಗಿರುತ್ತದೆ. ಆಮೇಲೆ ನಿದ್ದೆ ಹತ್ತುವುದಿಲ್ಲ.

ಗೆಳತಿಯೊಬ್ಬಳು "ಸೋಯಾ ತಿನ್ನು, ಅದರಲ್ಲಿ ಹೆಣ್ಣು ಹಾರ್ಮೋನಿನ ಹಾಗೆ ಕೆಲಸ ಮಾಡುವ ಸತ್ವ ಇದೆ" ಎಂದಳು. ನನ್ನ ತಂಗಿ ಅದೇ ಕಾರಣ ಕೊಟ್ಟು "ಸೋಯಾ ಮುಟ್ಟಲೇ ಬೇಡ" ಎನ್ನುತ್ತಾಳೆ. ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಅವಳ ಹೆದರಿಕೆ ಅಲ್ಲಿಂದ ಬಂದದ್ದು.

ನಾನು ಮೂರು ವಾರದಿಂದ ಅಡುಗೆಗೆ ಸೋಯಾ ಎಣ್ಣೆ ಬಳಸುತ್ತಿದ್ದೇನೆ. ತರಕಾರಿಗೆ ಸೋಯಾ ಸಾಸ್ ಹಾಕುತ್ತಿದ್ದೇನೆ. ಒಂದು ಚೂರೂ ವ್ಯತ್ಯಾಸ ಕಾಣಲಿಲ್ಲ. ಆ ಸತ್ವ ಅಂದರೆ ನಿಜಕ್ಕೂ ಏನು? ಎಷ್ಟು ತಿನ್ನಬೇಕು? ತಿಳಿದವರು ಹೇಳಿ.

ಕಾಳುಕಡ್ಡಿ
ವ್ಯತ್ಯಾಸ ಕಾಣದಿರುವುದಕ್ಕೆ ಕಾರಣ ಇದೆ ಮೇಡಂ. ನೀವು ಆರಿಸಿಕೊಂಡ ಎರಡರಲ್ಲೂ ಅದು ಇಲ್ಲ!

ನಿಮ್ಮ ಗೆಳತಿ ಹೇಳಿದ ಸತ್ವದ ಹೆಸರು ಐಸೋಫ್ಲೇವೋನ್. ಸೋಯಾ ಕಾಳಿನಲ್ಲಿ ಮುಖ್ಯವಾಗಿ ಮೂರು ಬಗೆ. ಜೆನಿಸ್ಟೀನ್, ಡೈಡ್ಜೀನ್, ಗ್ಲೈಸಿಟೀನ್. ಇವು ಪ್ರೋಟೀನಿನ ಜೊತೆ ಉಳಿಯುತ್ತವೆ, ಎಣ್ಣೆಯ ಜೊತೆ ಹೋಗುವುದಿಲ್ಲ. ಹಾಗಾಗಿ ಸೋಯಾ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಸೋಯಾ ಸಾಸ್‌ನಲ್ಲಿಯೂ ಲೆಕ್ಕಕ್ಕೆ ಬಾರದಷ್ಟು. ಸಾಸ್‌ನಲ್ಲಿ ನಿಮಗೆ ಸಿಗುವುದು ಉಪ್ಪು. ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿ.ಗ್ರಾಂ ಸೋಡಿಯಂ ಇರುತ್ತದೆ. ಮೊದಲು ಅದನ್ನು ಕಡಿಮೆ ಮಾಡಿ.

ಕಾಳು, ಹಾಲು, ತೋಫು (ಸೋಯಾ ಹಾಲಿನ ಪನೀರ್), ಟೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ). ಇವುಗಳಲ್ಲಿ ಹುಡುಕಿ. 240 ಮಿ.ಲೀ. ಸೋಯಾ ಹಾಲಿನಲ್ಲಿ ಸುಮಾರು 25 ಮಿ.ಗ್ರಾಂ. 100 ಗ್ರಾಂ ತೋಫುವಿನಲ್ಲಿಯೂ ಹತ್ತಿರ ಹತ್ತಿರ ಅಷ್ಟೇ. 100 ಗ್ರಾಂ ಒಣ ಕಾಳಿನಲ್ಲಿ 100ರಿಂದ 150ರವರೆಗೆ ಇರಬಹುದು. ತಳಿ, ಮಣ್ಣು, ಹವೆ ನೋಡಿ ಏರುಪೇರಾಗುತ್ತದೆ.

ಇಬ್ಬನಿ
ಅಯ್ಯೋ, ನಾನೂ ಎಣ್ಣೆಯಲ್ಲಿ ಇರುತ್ತದೆ ಅಂತಲೇ ಅಂದುಕೊಂಡಿದ್ದೆ.

ಪ್ರಶ್ನಾರ್ಥಕ
ಇಷ್ಟು ಸಲೀಸಾಗಿ ಹೇಳಿಬಿಡಬೇಡಿ. ಐಸೋಫ್ಲೇವೋನ್ ಅಂದರೆ ಫೈಟೋಈಸ್ಟ್ರೋಜನ್. ಗಿಡದ ಈಸ್ಟ್ರೋಜನ್. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಹುಲ್ಲು ಮೇಯ್ದ ಕುರಿಗಳು ಮರಿ ಹಾಕುವುದನ್ನೇ ನಿಲ್ಲಿಸಿದ್ದವು. ಕಾರಣ ಇದೇ ಜಾತಿಯ ಸತ್ವ. ಮೃಗಾಲಯಗಳಲ್ಲಿ ಚೀತಾಗಳ ಸಂತಾನ ಕಡಿಮೆಯಾದಾಗಲೂ ಆಹಾರದಲ್ಲಿದ್ದ ಸೋಯಾ ಮೇಲೆ ಸಂಶಯ ಬಂದಿತ್ತು, 1980ರ ದಶಕದಲ್ಲಿ. ಪ್ರಾಣಿಗಳಿಗೆ ಹೀಗಾದರೆ ಮನುಷ್ಯರಿಗೆ ಆಗುವುದಿಲ್ಲ ಅಂತ ಯಾವ ಧೈರ್ಯದಲ್ಲಿ ಹೇಳುತ್ತೀರಿ?

ರಸಾಯನ
ಕುರಿ ಕಥೆ ನಿಜ ಸರ್. ಆದರೆ ಪೂರ್ತಿ ಹೇಳಿ. ಆ ಕುರಿಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಮೇಯುತ್ತಿದ್ದವು. ಬೇರೆ ಮೇವೇ ಇರಲಿಲ್ಲ. ಕ್ಲೋವರ್‌ನಲ್ಲಿದ್ದದ್ದು ಫಾರ್ಮೊನೊನೆಟಿನ್ ಎಂಬ ಐಸೋಫ್ಲೇವೋನ್. ಅದು ಕುರಿಯ ಹೊಟ್ಟೆಯಲ್ಲಿ ಈಕ್ವಾಲ್ ಎಂಬ, ಈಸ್ಟ್ರೋಜನ್ ಹಾಗೆ ನಡೆದುಕೊಳ್ಳುವ ವಸ್ತುವಾಗುತ್ತದೆ, ಅದೂ ರಾಶಿಗಟ್ಟಲೆ. ಚೀತಾ ಬೆಕ್ಕಿನ ಜಾತಿ. ಇಂಥ ಸತ್ವಗಳನ್ನು ಬೇರೆ ವಸ್ತುವಿಗೆ ಅಂಟಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕುಗಳ ಪಿತ್ತಜನಕಾಂಗಕ್ಕೆ ತುಂಬಾ ಕಡಿಮೆ. ನಮ್ಮದು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಇಲಿಗಳ ಮೇಲಿನ ಪ್ರಯೋಗಗಳನ್ನೂ ಇದೇ ಕಾರಣಕ್ಕೆ ಹಾಗೇ ಎತ್ತಿ ಮನುಷ್ಯರಿಗೆ ಹಾಕುವುದಕ್ಕೆ ಬರುವುದಿಲ್ಲ.

ಇನ್ನು "ಗಿಡದ ಈಸ್ಟ್ರೋಜನ್" ಎಂಬ ಹೆಸರು. ಅದೇ ಅರ್ಧ ಗೊಂದಲಕ್ಕೆ ಕಾರಣ. ನಮ್ಮ ಮೈಯಲ್ಲಿ ಈಸ್ಟ್ರೋಜನ್ ಬಂದು ಕೂರುವ ಕುರ್ಚಿಗಳು ಎರಡು ಬಗೆ. ಒಂದು ಆಲ್ಫಾ, ಇನ್ನೊಂದು ಬೀಟಾ. ಗರ್ಭಕೋಶದಲ್ಲಿ ಆಲ್ಫಾದ್ದೇ ಕಾರುಬಾರು. ಬೀಟಾ ಮೂಳೆ, ರಕ್ತನಾಳ ಹೀಗೆ ಬೇರೆ ಕಡೆಗಳಲ್ಲಿ ಜಾಸ್ತಿ. ನಮ್ಮದೇ ಈಸ್ಟ್ರೋಜನ್ ಎರಡರಲ್ಲೂ ಗಟ್ಟಿಯಾಗಿ ಕೂರುತ್ತದೆ. ಜೆನಿಸ್ಟೀನ್ ಹೆಚ್ಚಾಗಿ ಬೀಟಾವನ್ನೇ ಆರಿಸಿಕೊಳ್ಳುತ್ತದೆ. ಅದರ ಬಲವೂ ನೂರಾರು, ಕೆಲವು ಸಲ ಸಾವಿರಾರು ಪಟ್ಟು ಕಡಿಮೆ. ಅದಕ್ಕೇ ಒಂದು ಕಡೆ ಈಸ್ಟ್ರೋಜನ್ ಹಾಗೆ ನಡೆದುಕೊಳ್ಳುತ್ತದೆ, ಇನ್ನೊಂದು ಕಡೆ ಸುಮ್ಮನಿರುತ್ತದೆ, ಮತ್ತೊಂದು ಕಡೆ ಈಸ್ಟ್ರೋಜನ್‌ಗೇ ಅಡ್ಡ ಬರುತ್ತದೆ.

ಪ್ರಶ್ನಾರ್ಥಕ
ಚೀತಾ ವಿಷಯ ಒಪ್ಪಿದೆ. ಆದರೂ ನನ್ನ ಪ್ರಶ್ನೆ ಉಳಿದಿದೆ. ಅಷ್ಟು ದುರ್ಬಲ ಅಂದಮೇಲೆ ಉಪಯೋಗ ಹೇಗೆ ಆಗುತ್ತದೆ? ಎರಡೂ ಕಡೆ ಮಾತಾಡುವ ಹಾಗಿಲ್ಲ. ಕೆಲಸ ಮಾಡಿದರೆ ಅಪಾಯವೂ ಇರಬೇಕು. ಅಪಾಯ ಇಲ್ಲ ಅಂದರೆ ಕೆಲಸವೂ ಇಲ್ಲ.

ರಸಾಯನ
ಪ್ರಮಾಣ ನೋಡಿ. ಸೋಯಾ ತಿಂದವರ ರಕ್ತದಲ್ಲಿ ಐಸೋಫ್ಲೇವೋನ್ ಮಟ್ಟ ಈಸ್ಟ್ರೋಜನ್‌ಗಿಂತ ನೂರಾರು ಪಟ್ಟು ಜಾಸ್ತಿ ಏರಬಹುದು. ಬಲ ಕಡಿಮೆ, ಸಂಖ್ಯೆ ಜಾಸ್ತಿ. ಅದಕ್ಕೇ ಸಣ್ಣ ಪರಿಣಾಮ ಕಾಣುತ್ತದೆ.

ಬೆಳಕಿಂಡಿ
ನಾನು ಆಹಾರ ಸಲಹೆಗಾರ್ತಿ. ಮುಂಜಾವು ಅವರ ಮೂಲ ಪ್ರಶ್ನೆಗೆ ಬರುತ್ತೇನೆ, ಇಲ್ಲದಿದ್ದರೆ ಕುರಿಗಳ ಹಿಂದೆಯೇ ಹೋಗಿಬಿಡುತ್ತೇವೆ.

ಮೈ ಕಾಯುವ ಸಮಸ್ಯೆಗೆ ಸೋಯಾ ಐಸೋಫ್ಲೇವೋನ್ ಕೊಟ್ಟು ಮಾಡಿದ ಹಲವು ಪ್ರಯೋಗಗಳನ್ನು 2012ರಲ್ಲಿ ಒಟ್ಟು ಸೇರಿಸಿ ನೋಡಿದರು. ಔಷಧಿಯೇ ಇಲ್ಲದ ಹುಸಿ ಮಾತ್ರೆ ತಿಂದವರಿಗೆ ಹೋಲಿಸಿದರೆ ಸುಮಾರು ಶೇ. 20ರಷ್ಟು ಕಡಿಮೆ ಸಲ ಮೈ ಕಾದಿತ್ತು. ತೀವ್ರತೆ ಸುಮಾರು ಶೇ. 26ರಷ್ಟು ತಗ್ಗಿತ್ತು. ಕೊಟ್ಟ ಪ್ರಮಾಣ ಸರಾಸರಿ ದಿನಕ್ಕೆ 54 ಮಿ.ಗ್ರಾಂ. ಕನಿಷ್ಠ ಆರು ವಾರ. ಜೆನಿಸ್ಟೀನ್ ಜಾಸ್ತಿ ಇದ್ದ ಮಾತ್ರೆಗಳು ಇನ್ನೂ ಚೆನ್ನಾಗಿ ಕೆಲಸ ಮಾಡಿದ್ದವು.

ಅಂದರೆ ಹತ್ತು ಸಲ ಕಾಯುವ ಕಡೆ ಎಂಟು ಸಲ. ಪವಾಡ ಅಲ್ಲ. ರಾತ್ರಿ ಒಂದು ಸಲ ಕಡಿಮೆ ಎದ್ದರೂ ಕೆಲವರಿಗೆ ಅದು ದೊಡ್ಡದು.

ಪ್ರಶ್ನಾರ್ಥಕ
ಇನ್ನೊಂದು ಬದಿಯನ್ನೂ ಹೇಳಿ ಮೇಡಂ. ಉತ್ತರ ಅಮೆರಿಕದ ಮೆನೋಪಾಸ್ ವೈದ್ಯರ ಸಂಘ 2023ರಲ್ಲಿ ಹಾರ್ಮೋನ್ ಇಲ್ಲದ ಚಿಕಿತ್ಸೆಗಳ ಬಗ್ಗೆ ಕೊಟ್ಟ ಸಲಹೆಯಲ್ಲಿ ಸೋಯಾ ಆಹಾರ, ಸೋಯಾ ಸಾರ, ಈಕ್ವಾಲ್ ಮೂರನ್ನೂ ಶಿಫಾರಸು ಮಾಡಿಲ್ಲ. 2011ರ ಒಂದು ಪ್ರಯೋಗದಲ್ಲಿ ದಿನಕ್ಕೆ 200 ಮಿ.ಗ್ರಾಂ ಮಾತ್ರೆಯನ್ನು ಎರಡು ವರ್ಷ ಕೊಟ್ಟರು. ಮೂಳೆ ಸವೆತವೂ ನಿಲ್ಲಲಿಲ್ಲ, ಮೈ ಕಾಯುವುದೂ ಕಡಿಮೆಯಾಗಲಿಲ್ಲ.

ಬೆಳಕಿಂಡಿ
ಹೌದು, ಎರಡೂ ನಿಜ. ಮುಚ್ಚಿಡುವ ಉದ್ದೇಶ ನನಗಿಲ್ಲ. ಮೂಳೆ ವಿಷಯದಲ್ಲಿ ಸೋಯಾವನ್ನು ನಂಬಿಕೊಂಡು ಕೂರಬೇಡಿ ಎಂದು ನಾನೂ ಹೇಳುತ್ತೇನೆ. ಮೈ ಕಾಯುವುದಕ್ಕೆ ಒಬ್ಬರಿಗೆ ಕೆಲಸ ಮಾಡುತ್ತದೆ, ಇನ್ನೊಬ್ಬರಿಗೆ ಇಲ್ಲ. ಇದಕ್ಕೆ ಒಂದು ಕಾರಣ ಈಕ್ವಾಲ್ ಇರಬಹುದು. ಅದೇ ನನಗೆ ಇಡೀ ಸೋಯಾ ವಿಷಯದಲ್ಲಿ ಅತಿ ಕುತೂಹಲದ ಭಾಗ.

ಡೈಡ್ಜೀನ್ ಹೊಟ್ಟೆಗೆ ಹೋದಮೇಲೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಈಕ್ವಾಲ್ ಮಾಡುತ್ತವೆ. ಈಕ್ವಾಲ್ ಬಲ ಡೈಡ್ಜೀನ್‌ಗಿಂತ ಜಾಸ್ತಿ. ಆದರೆ ಆ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ. ಜಪಾನ್, ಚೀನಾ, ಕೊರಿಯಾಗಳಲ್ಲಿ ಅರ್ಧದಷ್ಟು ಜನರಿಗೆ ಇರುತ್ತದೆ. ಒಂದೇ ಲೋಟ ಸೋಯಾ ಹಾಲು ಇಬ್ಬರು ಕುಡಿದರೆ ಇಬ್ಬರ ಮೈಯಲ್ಲೂ ಆಗುವುದು ಒಂದೇ ಅಲ್ಲ. ಇದನ್ನು ನೋಡದೆ ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದರೆ ಫಲಿತಾಂಶ ಕಲಸಿಹೋಗುತ್ತದೆ.

ತೋಟದ_ಹಾದಿ
ನಮ್ಮ ಹೊಟ್ಟೆಯಲ್ಲಿ ಅದು ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಬೆಳಕಿಂಡಿ
ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಎರಡು ಮೂರು ದಿನ ಸೋಯಾ ತಿಂದ ಮೇಲೆ. ಆದರೆ ಎಲ್ಲ ಕಡೆ ಆ ಪರೀಕ್ಷೆ ಮಾಡುವುದಿಲ್ಲ. ಎಂಟು ಹತ್ತು ವಾರ ಬಿಡದೆ ತಿಂದು, ಎಷ್ಟು ಸಲ ಮೈ ಕಾಯಿತು ಅಂತ ಬರೆದಿಡಿ. ಅದೇ ಸುಲಭದ ದಾರಿ. ಆ ನಡುವೆ ಆ್ಯಂಟಿಬಯಾಟಿಕ್ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಲೆಕ್ಕ ತಪ್ಪಬಹುದು, ಅದನ್ನೂ ಬರೆದುಕೊಳ್ಳಿ.

ರಸಾಯನ
ಹೆಸರಿನ ಬಗ್ಗೆ ಒಂದು ಮಾತು, ನನಗೆ ತುಂಬಾ ಇಷ್ಟ. ಈಕ್ವಾಲ್ ಮೊದಲು ಸಿಕ್ಕಿದ್ದು ಸೋಯಾದಲ್ಲಿ ಅಲ್ಲ. 1932ರಲ್ಲಿ ಗಬ್ಬದ ಕುದುರೆಯ ಮೂತ್ರದಲ್ಲಿ! ಅದಕ್ಕೇ ಕುದುರೆಯ ಲ್ಯಾಟಿನ್ ಹೆಸರು ಅದಕ್ಕೆ ಅಂಟಿಕೊಂಡಿತು. ಡೈಡ್ಜೀನ್ ಬಂದದ್ದು ಜಪಾನಿ ಮಾತಿನ ಡೈಝು ಇಂದ, ಅಂದರೆ ಸೋಯಾ ಕಾಳು. ಜೆನಿಸ್ಟೀನ್ ಹೆಸರು ಜೆನಿಸ್ಟಾ ಎಂಬ ಗಿಡದ್ದು. ಹಿಂದೆ ಆ ಗಿಡದಿಂದ ಬಟ್ಟೆಗೆ ಹಳದಿ ಬಣ್ಣ ತೆಗೆಯುತ್ತಿದ್ದರು.

ಓಟಗಾರ
ಗಂಡಸರ ಕಥೆ ಏನು? ನಾನು ವಾರದಲ್ಲಿ ಐದು ದಿನ ಜಿಮ್‌ಗೆ ಹೋಗುತ್ತೇನೆ. ಸೋಯಾ ಚಂಕ್ಸ್ ದಿನಾ ತಿನ್ನುತ್ತೇನೆ. ಅಲ್ಲಿ ಎಲ್ಲರೂ "ಎದೆ ಬೆಳೆಯುತ್ತದೆ ನೋಡು" ಎನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಕಾಳುಕಡ್ಡಿ
2010ರಲ್ಲಿ ಒಂದು ಸಲ, 2021ರಲ್ಲಿ ಇನ್ನೊಂದು ಸಲ ಗಂಡಸರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದಾರೆ. ಸೋಯಾ ಪ್ರೋಟೀನಿನಿಂದಾಗಲಿ ಐಸೋಫ್ಲೇವೋನ್‌ನಿಂದಾಗಲಿ ಟೆಸ್ಟೋಸ್ಟೆರೋನ್ ಇಳಿಯಲಿಲ್ಲ. ಈಸ್ಟ್ರೋಜನ್ ಏರಲಿಲ್ಲ. ನೆಮ್ಮದಿಯಾಗಿ ತಿನ್ನಿ.

ಪ್ರಶ್ನಾರ್ಥಕ
2008ರಲ್ಲಿ 60 ವರ್ಷದ ಒಬ್ಬರಿಗೆ ನಿಜಕ್ಕೂ ಎದೆ ಊದಿಕೊಂಡ ವರದಿ ಇದೆ. ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಅದನ್ನೂ ಹೇಳಬೇಕಲ್ವಾ?

ಕಾಳುಕಡ್ಡಿ
ಹೇಳಬೇಕು, ಖಂಡಿತ. ಅವರು ದಿನಕ್ಕೆ ಕುಡಿಯುತ್ತಿದ್ದದ್ದು ಸುಮಾರು ಮೂರು ಲೀಟರ್ ಸೋಯಾ ಹಾಲು. ಬಿಟ್ಟಮೇಲೆ ಸರಿಹೋಯಿತು. ಅದು ಮಿತಿ ದಾಟಿದ ಕಥೆ. ಒಂದು ಬಟ್ಟಲು ಚಂಕ್ಸ್ ತಿನ್ನುವವರನ್ನು ಅದರಿಂದ ಹೆದರಿಸುವುದು ಸರಿಯಲ್ಲ.

ಚಂಕ್ಸ್ ಬಗ್ಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ ಚಂಕ್ಸ್‌ನಲ್ಲಿ ಐಸೋಫ್ಲೇವೋನ್ ಚೆನ್ನಾಗಿಯೇ ಉಳಿದಿರುತ್ತದೆ. ಆದರೆ ಕೆಲವು ಪ್ರೋಟೀನ್ ಪುಡಿಗಳಿಗೆ ಬಳಸುವ ಸೋಯಾವನ್ನು ಆಲ್ಕೋಹಾಲ್‌ನಲ್ಲಿ ತೊಳೆದಿರುತ್ತಾರೆ. ಆಗ ಬಹುಪಾಲು ಐಸೋಫ್ಲೇವೋನ್ ತೊಳೆದು ಹೋಗುತ್ತದೆ. ಪ್ರೋಟೀನ್ ಉಳಿಯುತ್ತದೆ. ಅದಕ್ಕೇ "ಸೋಯಾ ತಿಂದೆ" ಅಂದರೆ ಸಾಲದು, ಯಾವ ಸೋಯಾ ಅಂತ ಹೇಳಬೇಕು.

ಮಧುಮಾಲತಿ
ನಾನು ಸ್ತನ ಕ್ಯಾನ್ಸರ್ ದಾಟಿ ಬಂದವಳು. ಏಳು ವರ್ಷ ಆಯಿತು. ಮುಂಜಾವು ಅವರ ತಂಗಿಯ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಒಂದು ವರ್ಷ ನಾನು ಪ್ರತಿ ಪೊಟ್ಟಣದ ಹಿಂದೆ ಸೋಯಾ ಎಂಬ ಪದ ಹುಡುಕುತ್ತಿದ್ದೆ. ಬಿಸ್ಕತ್ತಿನಲ್ಲಿ ಸೋಯಾ ಲೆಸಿಥಿನ್ ಇದೆ ಅಂತ ಗೊತ್ತಾದರೆ ತಿಂದದ್ದನ್ನು ಉಗುಳುತ್ತಿದ್ದೆ. ಅಷ್ಟು ಭಯ.

ಆಮೇಲೆ ನನ್ನ ಕ್ಯಾನ್ಸರ್ ವೈದ್ಯರೇ ಕೂರಿಸಿಕೊಂಡು ಹೇಳಿದರು. ಲೆಸಿಥಿನ್‌ನಲ್ಲಿ ಆ ಸತ್ವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆದ 5,042 ಹೆಂಗಸರನ್ನು ಹಲವು ವರ್ಷ ಗಮನಿಸಿದ್ದರಂತೆ. 2009ರಲ್ಲಿ ಅದು ಪ್ರಕಟವಾಯಿತು. ಸೋಯಾ ಆಹಾರ ಜಾಸ್ತಿ ತಿನ್ನುತ್ತಿದ್ದವರಲ್ಲಿ ಕಾಯಿಲೆ ಮರುಕಳಿಸಿದ್ದೂ ಕಡಿಮೆ, ಸಾವೂ ಕಡಿಮೆ. ಅವರು ನನಗೆ ಹಾಕಿದ ಗೆರೆ ಇಷ್ಟೇ. ಆಹಾರವಾಗಿ ತಿನ್ನಿ, ಸೋಯಾ ಸಾರದಿಂದ ಮಾಡಿದ ಮಾತ್ರೆ ಬೇಡ. ಈಗ ವಾರಕ್ಕೆ ಮೂರು ನಾಲ್ಕು ದಿನ ತೋಫು ತಿನ್ನುತ್ತೇನೆ. ಹೆದರದೆ ತಿನ್ನುತ್ತೇನೆ. ಆ ಹೆದರದೆ ತಿನ್ನುವ ಸುಖ ನನಗೆ ತೋಫುವಿಗಿಂತ ದೊಡ್ಡದು.

ಬೆಳಕಿಂಡಿ
ನಿಮ್ಮ ವೈದ್ಯರಿಗೆ ನಮಸ್ಕಾರ ಹೇಳಿ ಮಧುಮಾಲತಿ ಅವರೇ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕೂಡ ಸೋಯಾ ಆಹಾರ ಸುರಕ್ಷಿತ ಎನ್ನುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮುಟ್ಟು ನಿಂತ ಹೆಂಗಸರು ತೆಗೆದುಕೊಳ್ಳುವ ಐಸೋಫ್ಲೇವೋನ್ ಮಾತ್ರೆಗಳನ್ನು ಪರಿಶೀಲಿಸಿತು. ಸ್ತನ, ಗರ್ಭಕೋಶ, ಥೈರಾಯ್ಡ್ ಮೂರಕ್ಕೂ ಹಾನಿಯ ಸುಳಿವು ಕಾಣಲಿಲ್ಲ. ಆದರೆ ಕ್ಯಾನ್ಸರ್ ಆದವರು ಮಾತ್ರೆ ವಿಷಯದಲ್ಲಿ ತಮ್ಮ ವೈದ್ಯರ ಮಾತನ್ನೇ ಕೇಳಬೇಕು.

ನೇಗಿಲು
ಹುದುಗಿಸಿದ ಸೋಯಾ ಮಾತ್ರ ಒಳ್ಳೆಯದು. ನಾಟೊ (ಹುದುಗಿಸಿದ ಸೋಯಾ ಕಾಳು), ಮಿಸೊ (ಹುದುಗಿಸಿದ ಸೋಯಾ ಮುದ್ದೆ), ಟೆಂಪೆ. ಉಳಿದದ್ದೆಲ್ಲ ವಿಷ. ತೋಫು, ಸೋಯಾ ಹಾಲು ಮುಟ್ಟಬೇಡಿ.

ಕಾಳುಕಡ್ಡಿ
ವಿಷ ಎಂಬ ಪದ ವಾಪಸ್ ತೆಗೆದುಕೊಳ್ಳಿ ಸರ್. ಜಪಾನ್, ಚೀನಾಗಳಲ್ಲಿ ಜನ ಜಾಸ್ತಿ ತಿನ್ನುವುದೇ ತೋಫು.

ಹುದುಗಿಸಿದ್ದಕ್ಕೆ ಅದರದೇ ಹೆಚ್ಚುಗಾರಿಕೆ ಇದೆ, ಅದು ನಿಜ. ಕಾಳಿನಲ್ಲಿ ಐಸೋಫ್ಲೇವೋನ್ ಸಕ್ಕರೆಗೆ ಅಂಟಿಕೊಂಡಿರುತ್ತದೆ. ಹಾಗೇ ಇದ್ದರೆ ಕರುಳು ಹೀರಿಕೊಳ್ಳುವುದಿಲ್ಲ. ಕರುಳಿನ ಕಿಣ್ವಗಳು ಮೊದಲು ಸಕ್ಕರೆಯನ್ನು ಬಿಡಿಸಬೇಕು. ಟೆಂಪೆಯಲ್ಲಿ ರೈಜೋಪಸ್ ಶಿಲೀಂಧ್ರ, ಮಿಸೊದಲ್ಲಿ ಆಸ್ಪರ್ಜಿಲಸ್ ಒರೈಜೆ ಆ ಕೆಲಸವನ್ನು ಮೊದಲೇ ಬಹುಪಾಲು ಮಾಡಿಟ್ಟಿರುತ್ತವೆ. ಫೈಟಿಕ್ ಆಮ್ಲವೂ ಕಡಿಮೆಯಾಗುತ್ತದೆ. ಅದು ಕಬ್ಬಿಣ, ಸತು ಎರಡನ್ನೂ ಹಿಡಿದಿಟ್ಟುಕೊಳ್ಳುವ ವಸ್ತು. ಆದರೆ ಹುದುಗಿಸದೆ ತಿಂದರೂ ಕರುಳು ಸಕ್ಕರೆ ಬಿಡಿಸಿಕೊಳ್ಳುತ್ತದೆ. ಸ್ವಲ್ಪ ತಡವಾಗುತ್ತದೆ, ಅಷ್ಟೇ.

ನೇಗಿಲು
ಸರಿ, ವಿಷ ಅಂದದ್ದು ಜಾಸ್ತಿಯಾಯಿತು. ಆದರೆ ಹಸಿ ಸೋಯಾ ಹಿಟ್ಟು ತಿಂದು ನನ್ನ ಅಣ್ಣ ಎರಡು ದಿನ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಹೇಳಿದ್ದು.

ಕಾಳುಕಡ್ಡಿ
ಅದು ಬೇರೆ ವಿಷಯ, ನೀವು ಹೇಳಿದ್ದು ಒಳ್ಳೆಯದೇ ಆಯಿತು. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಎರಡು ಪ್ರೋಟೀನ್ ಇವೆ. ಕುನಿಟ್ಜ್ ಮತ್ತು ಬೌಮನ್-ಬರ್ಕ್ ಅಂತ ಹೆಸರು. ಟ್ರಿಪ್ಸಿನ್ ನಮ್ಮ ಹೊಟ್ಟೆ ಪ್ರೋಟೀನ್ ಅರಗಿಸಲು ಬಳಸುವ ಕಿಣ್ವ. ಅದನ್ನೇ ಕಟ್ಟಿಹಾಕಿದರೆ ಅರಗುವುದು ಹೇಗೆ? ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ಬಹುಪಾಲು ನಾಶವಾಗುತ್ತವೆ. ಹಸಿ ಹಿಟ್ಟನ್ನು ಶೇಕ್‌ಗೆ ಬೆರೆಸಿ ಕುಡಿಯುವುದನ್ನು ಯಾರೂ ಮಾಡಬೇಡಿ.

ರಾಗಮಾಲಿಕೆ
ಕೊಲೆಸ್ಟರಾಲ್‌ಗೆ ಸೋಯಾ ಒಳ್ಳೆಯದು ಎನ್ನುತ್ತಾರಲ್ಲ, ಅದೂ ಐಸೋಫ್ಲೇವೋನ್ ಕೆಲಸವಾ?

ಬೆಳಕಿಂಡಿ
ಅಲ್ಲ, ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ಐಸೋಫ್ಲೇವೋನ್ ಮಾತ್ರೆ ಕೊಟ್ಟು ನೋಡಿದಾಗ ಕೆಟ್ಟ ಕೊಲೆಸ್ಟರಾಲ್ ಇಳಿಯಲಿಲ್ಲ. ಇಳಿಸುವುದು ಸೋಯಾ ಪ್ರೋಟೀನ್, ಅದೂ ಶೇ. 3-4ರಷ್ಟು ಮಾತ್ರ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ "ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದು" ಎಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿತ್ತು. 2017ರಲ್ಲಿ ಸಾಕ್ಷ್ಯ ಗಟ್ಟಿಯಿಲ್ಲ ಎಂದು ಅದನ್ನು ಹಿಂತೆಗೆಯುವ ಪ್ರಸ್ತಾಪ ಮಾಡಿತು.

ಇನ್ನೊಂದು ಸತ್ವ ಇದೆ, ಫೈಟೋಸ್ಟೆರಾಲ್. ಇದು ಸೋಯಾ ಎಣ್ಣೆಯಲ್ಲೇ ಇರುವುದು. ಕೊಲೆಸ್ಟರಾಲ್ ಹಾಗೇ ಕಾಣುವ ಗಿಡದ ಕೊಬ್ಬು. ಕರುಳಿನಲ್ಲಿ ಕೊಲೆಸ್ಟರಾಲ್‌ನ ಜಾಗ ಹಿಡಿದು ಅದನ್ನು ಒಳಗೆ ಬಿಡುವುದಿಲ್ಲ. ದಿನಕ್ಕೆ 2 ಗ್ರಾಂ ಹತ್ತಿರ ಸಿಕ್ಕರೆ ಕೆಟ್ಟ ಕೊಲೆಸ್ಟರಾಲ್ ಶೇ. 8-10ರಷ್ಟು ಇಳಿಯುತ್ತದೆ. ಆದರೆ ಅಷ್ಟು ಬೇಕೆಂದರೆ ಅಡುಗೆ ಎಣ್ಣೆಯಿಂದ ಆಗುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಿದ ಆಹಾರ ಬೇಕು.

ಟೊರೊಂಟೊದ ಡೇವಿಡ್ ಜೆಂಕಿನ್ಸ್ ತಂಡ 2003ರಲ್ಲಿ ಇವನ್ನೆಲ್ಲ ಒಟ್ಟಿಗೆ ಕೊಟ್ಟು ನೋಡಿತು. ಫೈಟೋಸ್ಟೆರಾಲ್, ಸೋಯಾ, ಅಂಟು ನಾರು, ಬಾದಾಮಿ. ಒಂದು ತಿಂಗಳಲ್ಲಿ ಕೆಟ್ಟ ಕೊಲೆಸ್ಟರಾಲ್ ಶೇ. 28ರಷ್ಟು ಇಳಿಯಿತು. ಒಂದೊಂದೇ ಸಣ್ಣದು, ಸೇರಿದರೆ ದೊಡ್ಡದು.

ರಸಾಯನ
ಫೈಟೋಸ್ಟೆರಾಲ್ ಮಾತು ಬಂತು, ಒಂದು ಕಥೆ ಹೇಳದೆ ಇರಲಾರೆ. ಪರ್ಸಿ ಜೂಲಿಯನ್ ಎಂಬ ಅಮೆರಿಕದ ಕಪ್ಪು ವಿಜ್ಞಾನಿ ಇದ್ದರು. ಚಿಕಾಗೊದಲ್ಲಿ ಸೋಯಾ ಕಾರ್ಖಾನೆಯ ಸಂಶೋಧನೆ ನೋಡಿಕೊಳ್ಳುತ್ತಿದ್ದರು. 1940ರಲ್ಲಿ ಸೋಯಾ ಎಣ್ಣೆಯ ದೊಡ್ಡ ತೊಟ್ಟಿಗೆ ನೀರು ಸೋರಿತು. ಎಣ್ಣೆ ಕೆಟ್ಟಿತು ಅಂತ ಎಲ್ಲರಿಗೂ ಗಾಬರಿ. ತಳದಲ್ಲಿ ಬಿಳಿ ಗಟ್ಟಿ ವಸ್ತು ಕೂತಿತ್ತು. ಅದು ಸ್ಟಿಗ್ಮಾಸ್ಟೆರಾಲ್ ಎಂಬ ಫೈಟೋಸ್ಟೆರಾಲ್ ಅಂತ ಜೂಲಿಯನ್ ಗುರುತಿಸಿದರು. ಅದರಿಂದ ಪ್ರೊಜೆಸ್ಟರಾನ್ ಹಾರ್ಮೋನನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸಿದರು. ಅದಕ್ಕೂ ಮೊದಲು ಆ ಹಾರ್ಮೋನು ತುಂಬಾ ದುಬಾರಿ.

ಪ್ರಶ್ನಾರ್ಥಕ
ನೋಡಿ, ನೀವೇ ಹೇಳಿದಿರಿ! ಸೋಯಾದಿಂದ ಹಾರ್ಮೋನು ಬರುತ್ತದೆ.

ರಸಾಯನ
ಪ್ರಯೋಗಶಾಲೆಯಲ್ಲಿ ಬರುತ್ತದೆ ಸರ್, ಹಲವು ಹಂತದ ರಾಸಾಯನಿಕ ಕ್ರಿಯೆ ನಡೆಸಿದ ಮೇಲೆ. ನಮ್ಮ ಮೈಗೆ ಆ ಕೆಲಸ ಬರುವುದಿಲ್ಲ. ಮರದಿಂದ ಕಾಗದ ಆಗುತ್ತದೆ ಅಂತ ಮರ ಕಡಿದ ಕೂಡಲೇ ಪುಸ್ತಕ ಸಿಗುವುದಿಲ್ಲವಲ್ಲ.

ಹಾಲುಗೆನ್ನೆ
ನನ್ನ ಮಗುವಿಗೆ ಎಂಟು ತಿಂಗಳು. ಹಸುವಿನ ಹಾಲು ಒಗ್ಗುವುದಿಲ್ಲ ಎನಿಸುತ್ತಿದೆ. ಸೋಯಾ ಹಾಲು ಕೊಡಬಹುದಾ?

ಬೆಳಕಿಂಡಿ
ಬೇಡ ತಾಯಿ. ಮಾಮೂಲಿ ಸೋಯಾ ಹಾಲು ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಅಥವಾ ಫಾರ್ಮುಲಾದ ಬದಲಿ ಅಲ್ಲವೇ ಅಲ್ಲ. ಮಕ್ಕಳಿಗಾಗಿಯೇ ಮಾಡಿದ ಸೋಯಾ ಫಾರ್ಮುಲಾ ಬೇರೆ. ಅದನ್ನೂ ಮಕ್ಕಳ ವೈದ್ಯರು ಹೇಳಿದರೆ ಮಾತ್ರ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಅದನ್ನು ಕೊಡಬಾರದು ಎನ್ನುತ್ತಾರೆ. ಹಸುವಿನ ಹಾಲು ಒಗ್ಗದ ಕೆಲವು ಮಕ್ಕಳಿಗೆ ಸೋಯಾ ಕೂಡ ಒಗ್ಗುವುದಿಲ್ಲ. ನಾಳೆಯೇ ತೋರಿಸಿ.

ಹಾಲುಗೆನ್ನೆ
ಕೇಳಿದ್ದು ಒಳ್ಳೆಯದಾಯಿತು. ನಾಳೆ ಹೋಗುತ್ತೇನೆ.

ಮುಂಜಾವು
ಇಷ್ಟೊಂದು ಜನ ಬರೆದಿದ್ದೀರಿ, ತುಂಬಾ ಸಂತೋಷ. ಕಾಳುಕಡ್ಡಿಯವರ ಮಾತು ಓದಿದ ಮೇಲೆ ಸಾಸ್ ಬಿಟ್ಟೆ. ಮನೆಯಲ್ಲೇ ಸೋಯಾ ಹಾಲು ಮಾಡುತ್ತಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆಯ ಜೊತೆ ಒಂದು ಲೋಟ ಕುಡಿಯುತ್ತೇನೆ. ಒಂದು ವಾರ ಆಯಿತು. ಹೊಟ್ಟೆ ಉಬ್ಬರ ಬಂದಿದೆ, ಒಮ್ಮೊಮ್ಮೆ ವಾಕರಿಕೆ ಕೂಡ. ಇದು ಸಹಜವಾ?

ಬೆಳಕಿಂಡಿ
ನಿಲ್ಲಿ ನಿಲ್ಲಿ! ಥೈರಾಯ್ಡ್ ಮಾತ್ರೆಯ ಜೊತೆ ಸೋಯಾ ಹಾಲು ಬೇಡ. ನಾಳೆಯಿಂದಲೇ ಬದಲಾಯಿಸಿ.

ಮಧುಮಾಲತಿ
ಮುಂಜಾವು ಅವರೇ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಮೊದಲೇ ಹೇಳಬೇಕಿತ್ತು.

ಬೆಳಕಿಂಡಿ
ಬಿಡಿಸಿ ಹೇಳುತ್ತೇನೆ. ಥೈರಾಯ್ಡ್ ಚೆನ್ನಾಗಿದ್ದು, ಅಯೋಡಿನ್ ಸಾಕಷ್ಟು ಸಿಗುತ್ತಿದ್ದರೆ ಸೋಯಾದಿಂದ ಅದಕ್ಕೆ ತೊಂದರೆ ಇಲ್ಲ. ನಿಮ್ಮ ಸಮಸ್ಯೆ ಬೇರೆ. ಲೆವೊಥೈರಾಕ್ಸಿನ್, ಅಂದರೆ ನಿಮ್ಮ ಥೈರಾಯ್ಡ್ ಮಾತ್ರೆ, ಕರುಳಿನಲ್ಲಿ ಹೀರಿಕೆಯಾಗುವುದಕ್ಕೆ ಸೋಯಾ ಅಡ್ಡ ಬರುತ್ತದೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಳ್ಳಿ. ಸೋಯಾ ಮಧ್ಯಾಹ್ನಕ್ಕೋ ಸಂಜೆಗೋ ಹೋಗಲಿ. ನಾಲ್ಕು ಗಂಟೆ ಅಂತರ ಇದ್ದರೆ ಒಳ್ಳೆಯದು. ಒಂದು ದಿನ ತಿಂದು ಹತ್ತು ದಿನ ಬಿಡಬೇಡಿ, ದಿನಾ ಒಂದೇ ಅಳತೆ ಇರಲಿ. ವೈದ್ಯರಿಗೆ ಹೇಳಿ, ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ನೋಡಿಸಿ.

ಬೇರೆಯವರೂ ಗಮನಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ನಾಟೊ ತಿನ್ನಬಾರದು. ಅದರಲ್ಲಿ ವಿಟಮಿನ್ ಕೆ2 ಬಹಳ, ಔಷಧಿಯ ಕೆಲಸ ಕೆಡುತ್ತದೆ. ಎಂಎಒಐ ಎಂಬ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಹುದುಗಿಸಿದ ಸೋಯಾದಲ್ಲಿರುವ ಟೈರಮೀನ್ ಎಂಬ ವಸ್ತು ಅಪಾಯ. ರಕ್ತದೊತ್ತಡ ಏರಿಬಿಡುತ್ತದೆ.

ತೋಟದ_ಹಾದಿ
ಹೊಟ್ಟೆ ಉಬ್ಬರಕ್ಕೆ ಕಾರಣ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು. ನಮಗೆ ಅರಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾ ತಿಂದು ವಾಯು ಬಿಡುತ್ತವೆ. ಕಾಳನ್ನು ರಾತ್ರಿಯಿಡೀ ನೆನೆಸಿ ನೀರು ಚೆಲ್ಲಿ. ಕಡಿಮೆಯಾಗುತ್ತದೆ.

ಇಬ್ಬನಿ
ನೀರು ಚೆಲ್ಲಿದರೆ ಐಸೋಫ್ಲೇವೋನ್ ಹೋಗುವುದಿಲ್ಲವಾ?

ಕಾಳುಕಡ್ಡಿ
ಸ್ವಲ್ಪ ಹೋಗುತ್ತದೆ. ಬೇಯಿಸಿದ ನೀರು ಚೆಲ್ಲಿದರೆ ಇನ್ನಷ್ಟು ಹೋಗುತ್ತದೆ. ಶಾಖಕ್ಕೆ ಅವು ಸುಲಭವಾಗಿ ಸಾಯುವುದಿಲ್ಲ, ರೂಪ ಬದಲಿಸುತ್ತವೆ ಅಷ್ಟೇ. ನೀರಿನಲ್ಲಿ ಕರಗಿ ಹೋಗುವುದೇ ದೊಡ್ಡ ನಷ್ಟ. ಹಾಲು ಸೋಸಿ ಉಳಿದ ಹಿಪ್ಪೆಯಲ್ಲೂ ಒಂದಷ್ಟು ಉಳಿಯುತ್ತದೆ, ಎಸೆಯಬೇಡಿ.

ಆದರೆ ಮುಂಜಾವು ಅವರ ವಾಕರಿಕೆ ನನಗೆ ಸರಿ ಕಾಣುತ್ತಿಲ್ಲ. ಉಬ್ಬರ ಸರಿ, ವಾಕರಿಕೆ ಯಾಕೆ? ಮೇಡಂ, ಹಾಲನ್ನು ಎಷ್ಟು ಹೊತ್ತು ಕುದಿಸುತ್ತೀರಿ?

ಮುಂಜಾವು
ನೆನೆಸಿ, ರುಬ್ಬಿ, ಸೋಸಿ ಒಲೆಯ ಮೇಲೆ ಇಡುತ್ತೇನೆ. ಬುಸ್ಸಂತ ನೊರೆ ಉಕ್ಕಿ ಬರುತ್ತದೆ. ಉಕ್ಕಿದ ಕೂಡಲೇ ಆರಿಸುತ್ತೇನೆ, ಹಸುವಿನ ಹಾಲಿನ ಹಾಗೆ.

ಕಾಳುಕಡ್ಡಿ
ಸಿಕ್ಕಿತು! ಅದು ಸುಳ್ಳು ಕುದಿ.

ಸೋಯಾದಲ್ಲಿ ಸಪೋನಿನ್ ಎಂಬ ಇನ್ನೊಂದು ಸತ್ವ ಇದೆ. ಕಾಳು ತೊಳೆದಾಗ ಸೋಪಿನ ಹಾಗೆ ನೊರೆ ಬರುತ್ತದಲ್ಲ, ಅದರದ್ದೇ ಕೆಲಸ. ಸೋಯಾದ ಸ್ವಲ್ಪ ಕಹಿಗೂ ಅದೇ ಒಂದು ಕಾರಣ. ಕೊಲೆಸ್ಟರಾಲ್ ಹೀರಿಕೆ ತಗ್ಗಿಸಬಹುದು ಎಂದು ಅದರ ಮೇಲೂ ಅಧ್ಯಯನ ನಡೆದಿದೆ. ಹಾಲು 80 ಡಿಗ್ರಿ ಆಸುಪಾಸಿಗೆ ಬಂದಾಗಲೇ ಸಪೋನಿನ್ ನೊರೆ ಎಬ್ಬಿಸಿಬಿಡುತ್ತದೆ. ನೋಡುವವರಿಗೆ ಕುದಿ ಬಂದ ಹಾಗೇ ಕಾಣುತ್ತದೆ. ಆದರೆ ಆ ಬಿಸಿಯಲ್ಲಿ ಟ್ರಿಪ್ಸಿನ್ ತಡೆಯುವ ಪ್ರೋಟೀನ್ ಇನ್ನೂ ಉಳಿದಿರುತ್ತದೆ. ನೀವು ಒಂದು ವಾರದಿಂದ ಅರೆಬೆಂದ ಸೋಯಾ ಕುಡಿದಿದ್ದೀರಿ.

ದೊಡ್ಡ ಪಾತ್ರೆ ತೆಗೆದುಕೊಳ್ಳಿ. ನೊರೆ ಬಂದಾಗ ಉರಿ ಸಣ್ಣ ಮಾಡಿ, ಚಮಚದಿಂದ ಕೆದಕುತ್ತಾ ಇರಿ. ನೊರೆ ಇಳಿದು ನಿಜವಾದ ಕುದಿ ಬಂದಮೇಲೆ ಇನ್ನೂ ಹತ್ತು ನಿಮಿಷ ಕುದಿಸಿ.

ನೇಗಿಲು
ನಮ್ಮ ಅಣ್ಣನಿಗೆ ಆದದ್ದೂ ಇದೇ!

ಪ್ರಶ್ನಾರ್ಥಕ
ಈ ಮಾಹಿತಿ ನನಗೂ ಹೊಸದು. ಮನೆಯಲ್ಲಿ ಮಾಡುವವರು ಎಲ್ಲರೂ ಓದಬೇಕು ಇದನ್ನು.

ಮುಂಜಾವು
ಒಂಬತ್ತು ವಾರದ ನಂತರ ಬರೆಯುತ್ತಿದ್ದೇನೆ. ಹತ್ತು ನಿಮಿಷ ಕುದಿಸಲು ಶುರುಮಾಡಿದ ಎರಡೇ ದಿನಕ್ಕೆ ವಾಕರಿಕೆ ನಿಂತಿತು. ಮಾತ್ರೆ ಬೆಳಿಗ್ಗೆ ಆರಕ್ಕೆ, ಸೋಯಾ ಹಾಲು ಸಂಜೆ ಒಂದು ಲೋಟ, ಮಧ್ಯಾಹ್ನ ತೋಫು. ಟಿಎಸ್‌ಎಚ್ ನೋಡಿಸಿದೆ, ಮಾತ್ರೆ ಬದಲಾಯಿಸುವ ಅಗತ್ಯ ಬರಲಿಲ್ಲ.

ಬೆಳಕಿಂಡಿ ಮೇಡಂ ಹೇಳಿದ ಹಾಗೆ ಬರೆದಿಟ್ಟಿದ್ದೇನೆ. ಮೊದಲ ವಾರ ರಾತ್ರಿಗಳಲ್ಲಿ ಒಟ್ಟು 17 ಸಲ ಎದ್ದಿದ್ದೆ. ಕಳೆದ ವಾರ 12 ಸಲ. ಇದು ಸೋಯಾದಿಂದಲೋ, ತಾನಾಗಿಯೇ ಕಡಿಮೆಯಾಯಿತೋ ಹೇಳಲಾರೆ. ಆದರೆ ಎರಡು ರಾತ್ರಿ ಪೂರ್ತಿ ಮಲಗಿದೆ. ತಂಗಿಗೆ ಮಧುಮಾಲತಿ ಅವರು ಬರೆದದ್ದನ್ನು ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಮಾರನೇ ದಿನ ಫೋನ್ ಮಾಡಿ "ಆ ತೋಫು ಹೇಗೆ ಮಾಡುತ್ತೀಯ?" ಎಂದಳು.

ಮಧುಮಾಲತಿ
ಆ ನೊರೆ ವಿಷಯ ಅವಳಿಗೂ ಹೇಳಿಬಿಡಿ, ಮರೆಯಬೇಡಿ.